ಎದೆ ತೊಳೆದ ನೀರು

ಅಕ್ಕನ ಎಡಗಡೆಯ ಎದೆ ತೊಳೆದ ನೀರು ನಮ್ಮ ಮಂಚದ ಕೆಳಗಿದೆ.

ಪ್ಲಾಸ್ಟಿಕ್ ಕ್ಯಾನು. ಬೆಳಕಿಗೆ ಹಿಡಿದರೆ ಒಳಗಿನದು ಕಾಣುತ್ತದೆ. ಮುಚ್ಚಳದ ಸುತ್ತ ಆಸ್ಪತ್ರೆಯವರು ಪಟ್ಟಿ ಅಂಟಿಸಿದ್ದಾರೆ, ಅದರ ಮೇಲೆ ಡಾಕ್ಟರಮ್ಮನ ಸಹಿ ಇದೆ. ತಂದ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಈಗ ಮೇಲೆ ತಿಳಿಯಾಗಿದೆ. ತಳದಲ್ಲಿ ಬೂದು ಬಣ್ಣದ ಗಸಿ ಕೂತಿದೆ. ಅಕ್ಕ ದಿನಕ್ಕೊಮ್ಮೆ ಅದನ್ನು ತೋರಿಸು ಅನ್ನುತ್ತಾಳೆ. ನಾನು ಅಲುಗಿಸದೆ ಮೆಲ್ಲಗೆ ಎಳೆದು ತೋರಿಸುತ್ತೇನೆ.

"ಹೆಂಗೆ ಕೂತಿದೆ ನೋಡು, ಬಾಡಿಗೆ ಕೊಡದವನ ಹಾಗೆ," ಅನ್ನುತ್ತಾಳೆ. ನಗಲು ಹೋಗಿ ಕೆಮ್ಮುತ್ತಾಳೆ.

ಈ ನೀರು ಕಾರ್ಖಾನೆಗೆ ಬೇಕಂತೆ. ಕೊಟ್ಟರೆ ಅಕ್ಕನ ಬಲಗಡೆಯನ್ನೂ ತೊಳೆಸುತ್ತೇವೆ ಅಂದರು. ಕೊಡದಿದ್ದರೆ ಇಲ್ಲ. ಸಂಗತಿ ಇಷ್ಟೇ. ಇಷ್ಟನ್ನೂ ನೆಟ್ಟಗೆ ಹೇಳಲು ನನಗೆ ಬರುತ್ತದೋ ಇಲ್ಲವೋ. ಮೊದಲಿಂದ ಹೇಳುತ್ತೇನೆ.

ಫೋನಿನ ಗಾಜನ್ನು ಬೆರಳಿನಿಂದ ಮುಟ್ಟಿದರೆ ಅದು ಎಚ್ಚರವಾಗುತ್ತದಲ್ಲ, ಅದು ಗಾಜಿನ ಮೇಲೆ ಹಚ್ಚಿದ ಒಂದು ಪದರದಿಂದ. ಕಣ್ಣಿಗೆ ಕಾಣದಷ್ಟು ತೆಳು ಪದರ. ಅದರಲ್ಲಿರುವುದು ಇಂಡಿಯಂ ಎಂಬ ಲೋಹ. ಹಚ್ಚುವಾಗ ಅದು ಗಾಜಿಗಿಂತ ಹೆಚ್ಚಾಗಿ ಯಂತ್ರದ ಒಳಗೋಡೆಗೇ ಮೆತ್ತಿಕೊಳ್ಳುತ್ತದೆ. ಆ ಗೋಡೆಯ ತಗಡುಗಳನ್ನು ಬಿಚ್ಚಿ ನಮ್ಮಲ್ಲಿಗೆ ಕಳಿಸುತ್ತಾರೆ. ನಾವು ಹೆಂಗಸರು ಉಳಿ ಹಿಡಿದು ಕೆರೆಯುತ್ತೇವೆ. ಕೆರೆದದ್ದನ್ನು ಕುಟ್ಟುತ್ತೇವೆ. ಕುಟ್ಟಿದ್ದನ್ನು ಜರಡಿ ಹಿಡಿಯುತ್ತೇವೆ. ಪುಡಿ ಹಿಟ್ಟಿಗಿಂತ ನುಣುಪು. ಹಳದಿಯೂ ಅಲ್ಲ, ಬೂದಿಯೂ ಅಲ್ಲ, ಅಂಥ ಬಣ್ಣ. ಕಿಟಕಿ ತೆಗೆಯುವ ಹಾಗಿಲ್ಲ, ಗಾಳಿಗೆ ಪುಡಿ ಹಾರಿಹೋಗುತ್ತದೆ. ಫ್ಯಾನು ಹಾಕುವ ಹಾಗಿಲ್ಲ, ಅದಕ್ಕೂ ಅದೇ ಕಾರಣ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸತ್ತುಹೋಗುತ್ತದೆ. ನಾಲಿಗೆಯ ಮೇಲೆ ಸೀಮೆಸುಣ್ಣ ನೆಕ್ಕಿದ ರುಚಿ. ಹಲ್ಲು ಕಚ್ಚಿದರೆ ಕರಕರ.

ಗೇಟಿನ ಹತ್ತಿರ ಒಂದು ಕರಿ ರಬ್ಬರಿನ ಹಾಸು ಇದೆ. ಸಂಜೆ ಕೆಲಸ ಬಿಟ್ಟ ಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ನಿಂತು ಮೈ ಕೊಡವಬೇಕು. ಬಟ್ಟೆ ಒದರಬೇಕು. ಜಡೆ ಬಿಚ್ಚಿ ತಲೆ ಬಗ್ಗಿಸಿ ಕೂದಲು ಒದರಬೇಕು. ಮೂಗು ಒರೆಸಿಕೊಳ್ಳಲು ಒಂದು ಬಟ್ಟೆ ಕೊಡುತ್ತಾರೆ, ಒರೆಸಿ ವಾಪಸ್ ಕೊಡಬೇಕು. ಪೊರಕೆ ಮಾವ ಎಂದು ನಾವು ಕರೆಯುವ ಕಾವಲುಗಾರ ಉದ್ದ ಕೋಲಿನ ಬ್ರಷ್ಷಿನಿಂದ ನಮ್ಮ ಬೆನ್ನು, ಕಾಲು, ಚಪ್ಪಲಿಯ ಸಂದು ಎಲ್ಲ ಗುಡಿಸುತ್ತಾನೆ. ಆಮೇಲೆ ಹಾಸು ಗುಡಿಸಿ ಡಬ್ಬಿಗೆ ತುಂಬುತ್ತಾನೆ. ಅದು ಕಂಪನಿಯ ಮಾಲು.

ಮೊದಲು ಇಷ್ಟೆಲ್ಲ ಇರಲಿಲ್ಲ. ನಾನು ಸೇರಿದಾಗ ನೆಲ ಮಾತ್ರ ಗುಡಿಸುತ್ತಿದ್ದರು. ಲೋಹ ಸಿಗುವುದು ಕಷ್ಟವಾಗುತ್ತ ಬಂದ ಹಾಗೆ ಹಾಸು ಬಂತು. ಆಮೇಲೆ ಕೂದಲು ಬಂತು. ಕೈಕಾಲು ತೊಳೆದ ನೀರು ಚರಂಡಿಗೆ ಹೋಗದೆ ತೊಟ್ಟಿಗೆ ಬೀಳುವಂತೆ ಮಾಡಿದರು. ಉಗುರು ಅವರ ಕತ್ತರಿಯಲ್ಲೇ ಕತ್ತರಿಸಬೇಕು ಅಂದರು. ಮುಖಕ್ಕೆ ಕಟ್ಟಲು ಕೊಡುತ್ತಿದ್ದ ಬಟ್ಟೆಯ ಲೆಕ್ಕ ಬಿಗಿಯಾಯಿತು, ಒಂದನ್ನೇ ವಾರಪೂರ್ತಿ ಕಟ್ಟಬೇಕು, ಕೊನೆಗೆ ಅದನ್ನು ಸುಟ್ಟು ಬೂದಿಯಿಂದ ಲೋಹ ತೆಗೆಯುತ್ತಾರೆ. ಹೊಸ ಬಟ್ಟೆ ಯಾಕಿಲ್ಲ ಎಂದು ಅಕ್ಕ ಒಮ್ಮೆ ಮೇಸ್ತ್ರಿಯನ್ನು ಕೇಳಿದ್ದಳು. ಬಟ್ಟೆ ಮಾಲು ಕುಡಿಯುತ್ತೆ ಎಂದು ಅವನು ಹೇಳಿದ.

"ಬಟ್ಟೆ ಕುಡೀಬಾರದು, ನಾವು ಕುಡಿಬೋದು," ಅಂದಳು ಅಕ್ಕ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಗ ಅದು ಬರೀ ತಮಾಷೆ.

ನಾನು ಸಂಜೆ ಕ್ಲಾಸಿಗೆ ಹೋಗುತ್ತಿದ್ದೆ. ನನ್ನನ್ನು ಅಲ್ಲಿಗೆ ತಳ್ಳಿದವಳು ಅಕ್ಕನೇ. ನನ್ನ ಜಡೆ ಹಾಕಿದವಳು, ಸುಳ್ಳು ಹೇಳಿದಾಗ ಬೆನ್ನಿಗೆ ಬಾರಿಸಿದವಳು, ಅಮ್ಮ ಸತ್ತಾಗ ನನಗಿಂತ ಮೊದಲು ಅಳು ನಿಲ್ಲಿಸಿದವಳು ಅವಳು. ಕ್ಲಾಸಿನ ಗೋಡೆಗೆ ಮೂಲವಸ್ತುಗಳ ಪಟ ಇತ್ತು. ಆವರ್ತ ಕೋಷ್ಟಕ. ಸಾಲುಸಾಲು ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಮೂಲವಸ್ತು. ಕೆಲವು ಮನೆಗಳಿಗೆ ಕೆಂಪು ಬಳಿದಿತ್ತು. ಈ ಕೆಂಪು ಮನೆಗಳವು ಮುಗಿದುಹೋಗುತ್ತಿವೆ, ಮುಂದೆ ಸಿಗುವುದು ಕಷ್ಟ ಎಂದು ಮೇಷ್ಟ್ರು ಹೇಳಿದರು. ನಮ್ಮ ಇಂಡಿಯಂ ಕೆಂಪಿನಲ್ಲಿತ್ತು. ನನಗೆ ಹೆಮ್ಮೆಯಾಯಿತು. ನಾನು ಮುಟ್ಟುವ ವಸ್ತು ಗೋಡೆಯ ಪಟದಲ್ಲಿದೆ.

ಮುಗಿದುಹೋಗುವುದು ಅಂದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕೇಳಿದ ಮೇಲೆ, ಪೆದ್ದು ಪ್ರಶ್ನೆಯಾಯಿತೇನೋ ಎಂದು ಕಿವಿ ಬಿಸಿಯಾಯಿತು. ಮೇಷ್ಟ್ರು ನಗಲಿಲ್ಲ.

"ಮೂಲವಸ್ತು ಎಲ್ಲಿಗೂ ಹೋಗೋದಿಲ್ಲಮ್ಮ. ಸಾಯೋದೂ ಇಲ್ಲ. ಚದುರಿಹೋಗುತ್ತೆ. ಮತ್ತೆ ಒಟ್ಟು ಮಾಡೋಕಾಗದಷ್ಟು ಚದುರುತ್ತೆ. ಅದನ್ನೇ ಮುಗೀತು ಅಂತೀವಿ."

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ತಟ್ಟೆ ತೊಳೆಯುತ್ತಿದ್ದಳು. ಹಾಗಾದರೆ ಊರೆಲ್ಲ ಚದುರಿದ್ದನ್ನು ಬಳಿದು ತರುವವರು ನಾವು ಅನ್ನು, ನಮಗೂ ಆ ಪಟದಲ್ಲಿ ಒಂದು ಮನೆ ಕೊಡಲಿ, ಇಲ್ಲಿ ಬಾಡಿಗೆಯಾದರೂ ತಪ್ಪುತ್ತೆ ಅಂದಳು. ಆಮೇಲೆ ತೊಳೆಯುವುದನ್ನು ನಿಲ್ಲಿಸಿ ನಲ್ಲಿ ಹಿಡಿದು ಬಗ್ಗಿ ನಿಂತಳು. ಉಸಿರು ಸಿಕ್ಕಲಿಲ್ಲ. ಅದೇ ಮೊದಲ ಸಲ ನಾನು ನೋಡಿದ್ದು. ಅವಳಿಗೆ ಮೊದಲ ಸಲವಾಗಿರಲಿಲ್ಲ.

ಆಮೇಲೆ ಬೇಗ ಬೇಗ ಆಯಿತು. ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದಳು. ಮಾತಿನ ನಡುವೆ ನಿಲ್ಲತೊಡಗಿದಳು. ಉಗುರುಗಳ ತುದಿ ಉಬ್ಬಿ ನೀಲಿಯಾಯಿತು. ಕಾರ್ಖಾನೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮನೆಯಲ್ಲಿ ಸೌದೆ ಒಲೆಯಾ ಎಂದು ವಿಚಾರಿಸಿದರು. ಗ್ಯಾಸ್ ಒಲೆ ಎಂದಳು ಅಕ್ಕ. ಪಕ್ಕದ ಮನೆಯವರದು? ಅವರದೂ ಗ್ಯಾಸೇ. ಚಿಕ್ಕಂದಿನಲ್ಲಿ? ಚಿಕ್ಕಂದಿನಲ್ಲಿ ಸೌದೆ ಇತ್ತು ಎಂದಳು. ಡಾಕ್ಟರ ಮುಖ ಅರಳಿತು. ಒಲೆಯ ಹೊಗೆಯಿಂದ ಬಂದ ಕಾಯಿಲೆ ಎಂದು ಬರೆದರು.

"ಚಿಕ್ಕಂದಿನಲ್ಲಿ ಕುಡಿದ ಹೊಗೆ ಇಷ್ಟು ವರ್ಷ ಎಲ್ಲಿ ಕೂತಿತ್ತಂತೆ?" ಎಂದು ಅಕ್ಕ ದಾರಿಯುದ್ದಕ್ಕೂ ನನ್ನನ್ನು ಕೇಳಿದಳು, ನಾನೇ ಡಾಕ್ಟರು ಎನ್ನುವ ಹಾಗೆ.

ಒಂದು ದಿನ ಕಾರ್ಖಾನೆ ನೋಡಲು ಹೊರಗಿನವರು ಬಂದರು. ಗೇಟಿಗೆ ದೊಡ್ಡ ಬ್ಯಾನರು ಕಟ್ಟಿದ್ದರು. ಭೂಮಿಯ ಅಪರೂಪವನ್ನು ಉಳಿಸೋಣ ಎಂದು ಬರೆದಿತ್ತು, ಮೂಲವಸ್ತುಗಳ ಅದೇ ಪಟವೂ ಇತ್ತು. ನಾವು ಕೊಡವುವುದನ್ನು ಬಂದವರು ಮೆಚ್ಚಿ ನೋಡುತ್ತಿದ್ದರು. ಒಂದು ಕಣವೂ ಪೋಲಾಗುವುದಿಲ್ಲ ಎಂದು ಕಾರ್ಖಾನೆಯ ಸಾಹೇಬರು ವಿವರಿಸುತ್ತಿದ್ದರು. ಅಕ್ಕನ ಸರದಿ ಬಂತು. ಕೂದಲು ಒದರಲು ತಲೆ ಬಗ್ಗಿಸಿದವಳು ಹಾಗೇ ಮುಗ್ಗರಿಸಿ ಹಾಸಿನ ಮೇಲೆ ಬಿದ್ದಳು. ತುಟಿ ಶಾಯಿ ಕುಡಿದ ಹಾಗೆ ನೀಲಿ. ಬಂದವರಲ್ಲಿ ಒಬ್ಬ ಹೆಂಗಸು ಕೂಗಿಕೊಂಡಳು. ಆಸ್ಪತ್ರೆಗೆ ಸಾಹೇಬರ ಕಾರಿನಲ್ಲೇ ಹಾಕಿಕೊಂಡು ಹೋದರು. ನಾನು ಹಿಂದೆ ಕೂತಿದ್ದೆ, ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸೀಟಿಗೆ ಪುಡಿ ಅಂಟದಂತೆ ಕೆಳಗೆ ಪೇಪರು ಹಾಸಿದ್ದರು. ಖರ್ಚೆಲ್ಲ ಕಂಪನಿಯದೇ ಎಂದು ಬಂದವರ ಎದುರಿಗೆ ಸಾಹೇಬರು ಹೇಳಿದರು. ಧರ್ಮಕ್ಕೆ ಎಂದೂ ಹೇಳಿದರು.

ಆಸ್ಪತ್ರೆಯ ಡಾಕ್ಟರಮ್ಮ ಒಲೆಯ ಬಗ್ಗೆ ಕೇಳಲಿಲ್ಲ. ಏನು ಕೆಲಸ ಎಂದು ಕೇಳಿದರು. ಶ್ವಾಸಕೋಶದೊಳಗೆ ಪುಡಿ ಕೂತು, ಅದರ ಮೇಲೆ ಮೈ ತನ್ನದೇ ಅಂಟು ಸುರಿಸಿಕೊಂಡು ಗಾಳಿಯ ಗೂಡುಗಳೆಲ್ಲ ಮುಚ್ಚಿಹೋಗಿವೆ ಎಂದರು. ಔಷಧಿಗೆ ಬಗ್ಗುವಂಥದ್ದಲ್ಲ, ತೊಳೆಯಬೇಕು. ಪಾತ್ರೆ ತೊಳೆದ ಹಾಗೆ. ಒಂದು ಶ್ವಾಸಕೋಶಕ್ಕೆ ಬೆಚ್ಚಗಿನ ಉಪ್ಪು ನೀರು ತುಂಬಿ, ಅಲುಗಿಸಿ, ಹೊರಗೆ ಬಿಡಬೇಕು. ಅಷ್ಟು ಹೊತ್ತು ಇನ್ನೊಂದು ಉಸಿರಾಡುತ್ತಿರಬೇಕು. ಎರಡನ್ನೂ ಒಟ್ಟಿಗೆ ತೊಳೆಯಲಾಗದು. ಮೊದಲು ಎಡಗಡೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಬಲಗಡೆ. ಬಲಗಡೆ ತಡ ಮಾಡುವ ಹಾಗಿಲ್ಲ ಎಂದು ಒತ್ತಿ ಹೇಳಿದರು.

ತೊಳೆದ ನೀರನ್ನು ನರ್ಸಮ್ಮ ಬಾಟಲಿಗಳಲ್ಲಿ ಸಾಲಾಗಿ ಇಟ್ಟಿದ್ದಳು. ಮೊದಮೊದಲಿನವು ದಪ್ಪ, ಬೆಳ್ಳಗೆ, ಕೊನೆಯವು ತಿಳಿ. ಇದರಲ್ಲಿ ಲೋಹ ಇದೆಯೋ ಎಂದು ನೋಡುವ ಯಂತ್ರ ಇಲ್ಲಿಲ್ಲ, ಇರುವ ಊರು ದೂರ, ಕಳಿಸುವ ದಾರಿ ಹುಡುಕುತ್ತೇನೆ, ಅಲ್ಲಿಯವರೆಗೆ ನಿಮ್ಮ ಹತ್ತಿರವೇ ಇರಲಿ ಎಂದರು ಡಾಕ್ಟರಮ್ಮ. ದಪ್ಪ ನೀರನ್ನು ಕ್ಯಾನಿಗೆ ಹಾಕಿ, ಪಟ್ಟಿ ಅಂಟಿಸಿ, ನನ್ನ ಕೈಗೆ ಕೊಟ್ಟರು. ಕ್ಯಾನು ಇನ್ನೂ ಬೆಚ್ಚಗಿತ್ತು. ಅಕ್ಕನ ಮೈಯ ಬಿಸಿ. ನಾನು ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಸ್ಸಿನಲ್ಲಿ ಬಂದೆ.

ಮನೆಗೆ ಬಂದ ಮೇಲೆ ಅಕ್ಕ ಒಂದೇ ಮಗ್ಗುಲಿಗೆ ಮಲಗತೊಡಗಿದಳು. ಎಡಗಡೆ ಮೇಲಾಗಿ. ಈ ಕಡೆ ಕಿಟಕಿ ತೆಗೆದಿದೆ, ಆ ಕಡೆ ಗೋಡೆ ಅನ್ನುತ್ತಿದ್ದಳು. ಸ್ವಲ್ಪ ದಿನ ಮಾತು ಸರಾಗವಾಯಿತು. ಬಾಗಿಲವರೆಗೆ ನಡೆದಳು. ಆಮೇಲೆ ಬಲಗಡೆಯ ಗೋಡೆ ಅವಳನ್ನು ಮತ್ತೆ ಒತ್ತತೊಡಗಿತು.

ನನ್ನನ್ನು ಸಾಹೇಬರು ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿದರು. ನನ್ನ ಬಟ್ಟೆಯ ತುಂಬ ಪುಡಿ ಇತ್ತು, ಕೂರಲು ಹೆದರಿ ನಿಂತೇ ಇದ್ದೆ. ಅವರ ಕೋಣೆಯಲ್ಲಿ ಕಿಟಕಿ ತೆಗೆದಿತ್ತು. ಅಕ್ಕ ಹೇಗಿದ್ದಾಳೆ, ಊಟ ಮಾಡುತ್ತಾಳಾ ಎಂದು ವಿಚಾರಿಸಿದರು. ಇನ್ನೊಂದು ಕಡೆಯನ್ನೂ ತೊಳೆಸಲು ಕಂಪನಿ ಸಿದ್ಧವಿದೆ ಎಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ಬಗ್ಗಿಯೂ ಇದ್ದೆ. ಅಷ್ಟರಲ್ಲಿ ಅವರು ಎರಡು ಮಾತು ಹೇಳಿದರು. ಒಂದು, ಕಾಯಿಲೆ ಒಲೆಯ ಹೊಗೆಯಿಂದ ಬಂದದ್ದು ಎಂದು ಅಕ್ಕ ಒಂದು ಹೇಳಿಕೆಗೆ ಸಹಿ ಹಾಕಬೇಕು. ಎರಡು, ಆಸ್ಪತ್ರೆಯ ಬಿಲ್ಲು ಕಟ್ಟಿದವರು ನೋಡಿ ಬಂದಿದ್ದ ಆ ಕ್ಯಾನು ತಂದುಕೊಡಬೇಕು.

"ಅದರಲ್ಲಿ ಕಂಪನಿ ಮಾಲು ಇದ್ರೂ ಇರಬಹುದು ನೋಡಮ್ಮ. ಹೊರಗಡೆ ಇಟ್ಕೊಂಡ್ರೆ ಕಳವು ಅಂತಾಗುತ್ತೆ."

ನನಗೆ ಮಾತು ತಡವಾಗಿ ಬರುತ್ತದೆ. ಬಗ್ಗಿದ್ದವಳು ನೆಟ್ಟಗಾದೆ. ಆಮೇಲೆ ಹೇಳಿದೆ.

"ಸರ್, ಹೊಗೆ ಅಂತ ಬರ್ಕೊಡಿ ಅಂತೀರ. ಮಾಲು ಅಂತ ವಾಪಸ್ ಕೇಳ್ತೀರ. ಎರಡರಲ್ಲಿ ಯಾವುದು ಸರ್ ಅಕ್ಕನ ಎದೇಲಿರೋದು?"

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನೀರಿನ ಲೋಟ ನನ್ನ ಕಡೆ ಸರಿಸಿದರು.

"ಸಂಜೆ ಕ್ಲಾಸಿಗೆ ಹೋಗ್ತೀಯಂತೆ. ಒಳ್ಳೇದು. ಅಕ್ಕ ಬೇಕಾ, ಮಾತು ಬೇಕಾ, ಮನೆಗೆ ಹೋಗಿ ಯೋಚನೆ ಮಾಡು."

ನನ್ನ ಮಾತು ಸರಿಯಾಗಿತ್ತು. ಆದರೆ ಸರಿಯಾದ ಮಾತಿನಿಂದ ಒಂದು ಶ್ವಾಸಕೋಶ ತೊಳೆಯಲು ಬರುವುದಿಲ್ಲ. ಹೊರಗೆ ಬರುವಾಗ ಅವರು ನಾನು ನಿಂತ ಜಾಗವನ್ನು ಗುಡಿಸಲು ಆಳನ್ನು ಕರೆಯುವುದು ಕೇಳಿಸಿತು.

ಕ್ಯಾನು ಕೊಟ್ಟುಬಿಡುವುದು ಎಂದು ದಾರಿಯಲ್ಲೇ ತೀರ್ಮಾನ ಮಾಡಿದ್ದೆ. ಅಕ್ಕ ಉಳಿಯಲಿ, ಮಿಕ್ಕದ್ದು ಹಾಳಾಗಿ ಹೋಗಲಿ. ಡಾಕ್ಟರಮ್ಮನಿಗೆ ಯಾರನ್ನಾದರೂ ಹಿಡಿದು ನೀರನ್ನು ಪರೀಕ್ಷೆಗೆ ಕಳಿಸಲು ಇನ್ನೂ ಆಗಿರಲಿಲ್ಲ. ಆ ನೀರು ನಮ್ಮ ಮಂಚದ ಕೆಳಗೆ ಕೂತು ಏನು ಮಾಡಬೇಕಾಗಿತ್ತು? ಮನೆಗೆ ಬಂದವಳೇ ನಡೆದದ್ದನ್ನೆಲ್ಲ ಹೇಳಿದೆ. ನಾಳೆಯೇ ಕೊಟ್ಟು ಬರುತ್ತೇನೆ ಎಂದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಈಗ ಮಲಗಿದರೆ ಮುಳುಗಿದ ಹಾಗಾಗುತ್ತದೆ ಎಂದು ಕೂತೇ ನಿದ್ದೆ ಮಾಡುತ್ತಿದ್ದಳು. ಬೇಡ ಎಂದಳು.

ನಾನು ಬೇಡಿಕೊಂಡೆ. ಅತ್ತೆ. ಬೈದೆ. ಹಟಮಾರಿ, ನಿನ್ನ ಹಟಕ್ಕೆ ನಾನು ಅನಾಥಳಾಗಬೇಕಾ ಎಂದೆ. ಅವಳು ಉಸಿರು ಕೂಡಿಸಿಕೊಳ್ಳುವವರೆಗೆ ತಾಳು ಎನ್ನುವ ಹಾಗೆ ಕೈ ಎತ್ತಿದಳು.

"ನನ್ನ ಉಳಿ ಈಗ ಯಾರ ಕೈಲಿದೆ?" ಎಂದಳು.

ಅವಳ ಮೇಜಿಗೆ, ಅವಳ ಉಳಿಗೆ ನನ್ನನ್ನೇ ಹಾಕಿದ್ದರು. ಅವಳಿಗೆ ಹೇಳಿರಲಿಲ್ಲ.

"ನೀನು ಬಾಯಿಗೆ ಬಟ್ಟೆ ತುರುಕ್ಕೊಂಡು ಕೆಮ್ತೀಯ, ಬಚ್ಚಲಲ್ಲಿ ನಲ್ಲಿ ಬಿಟ್ಟು. ನಾನೂ ಹಾಗೇ ಕೆಮ್ಮಿದ್ದು. ನಂಗೆ ಗೊತ್ತಾಗಲ್ವಾ?"

ಮತ್ತೆ ಕೈ ಎತ್ತಿದಳು. ಕಾದೆ.

"ಈ ನೀರು ಕೊಟ್ರೆ ನಂಗೆ ಒಂದಷ್ಟು ದಿನ ಸಿಗುತ್ತೆ. ಸಿಗಬೋದು. ನಿಂಗೆ? ನಾಳೆ ನೀನು ಬಿದ್ರೆ ನಿನ್ನ ಎದೇಲೂ ಹೊಗೇನೇ ಇರುತ್ತೆ. ಅದು ಹೊಗೆ ಅಲ್ಲ ಅಂತ ಹೇಳೋಕೆ ಈ ಭೂಮಿ ಮೇಲೆ ಇದೊಂದೇ ಇರೋದು."

"ನೀನಿಲ್ದೆ ನಂಗೆ ಅದು ಯಾಕಕ್ಕಾ?"

"ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಈಗ ಬಾಯಿ ಮುಚ್ಚು." ಸ್ವಲ್ಪ ಹೊತ್ತಾದ ಮೇಲೆ, ಸಾಮಾನು ತರಲು ಹೇಳುವ ದನಿಯಲ್ಲಿ ಹೇಳಿದಳು. "ನಾನು ಹೋದ್ಮೇಲೆ ಡಾಕ್ಟರಮ್ಮಂಗೆ ಹೇಳಿ ಬಲಗಡೇದನ್ನೂ ತೊಳೆಸು. ಸತ್ತವಳದು ತೊಳೆಯೋಕೆ ಅಷ್ಟು ಕಷ್ಟ ಆಗ್ಲಿಕ್ಕಿಲ್ಲ. ಆ ನೀರನ್ನೂ ಇದರ ಪಕ್ಕದಲ್ಲಿ ಇಡು."

ಮರುದಿನ ಕೆಲಸಕ್ಕೆ ಹೋದೆ. ಅಕ್ಕನ ಉಳಿ ಹಿಡಿದು ಕೆರೆದೆ. ಸಾಹೇಬರು ಒಮ್ಮೆ ಬಾಗಿಲಲ್ಲಿ ನಿಂತು ನನ್ನ ಕೈಚೀಲ ನೋಡಿ ಹೋದರು, ಅದರಲ್ಲಿ ಕ್ಯಾನು ಇರಲಿಲ್ಲ. ಸಂಜೆ ಸಾಲು ಗೇಟಿಗೆ ಬಂತು. ನನ್ನ ಸರದಿ ಬಂದು ಹಾಸಿನ ಮೇಲೆ ನಿಂತೆ. ಇಲ್ಲೇ ಅಕ್ಕ ಬಿದ್ದದ್ದು. ಜಡೆಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ನಾನು ಏನನ್ನೂ ಯೋಚಿಸಿ ಬಂದಿರಲಿಲ್ಲ. ಮೊದಲೇ ಯೋಚಿಸಿದ್ದರೆ ಹೆದರಿಬಿಡುತ್ತಿದ್ದೆ. ಕೈ ಕೆಳಗಿಳಿಸಿ ಹಾಸಿನ ಮೇಲೆ ಕೂತುಬಿಟ್ಟೆ.

ಪೊರಕೆ ಮಾವ ಬ್ರಷ್ಷು ಹಿಡಿದು ನನ್ನನ್ನೇ ನೋಡಿದ. ತಲೆ ತಿರುಗಿತಾ ಎಂದು ಕೇಳಿದ. ಇಲ್ಲ ಎಂದೆ.

"ಹಂಗಾದ್ರೆ ಎದ್ದು ಕೊಡವಮ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಮಾವ, ಇದನ್ನ ಗುಡಿಸಿ ಗುಡಿಸಿ ನಿಮಗೂ ಕೆಮ್ಮು ಬಂದಿದೆ. ನಿಮ್ಮ ಮನೇಲಿ ಯಾವ ಒಲೆ?"

ಅವನು ಬ್ರಷ್ಷನ್ನು ಗೋಡೆಗೆ ಒರಗಿಸಿದ. ದಣಿದಿದ್ದಕ್ಕೋ, ಬೇರೆ ಯಾವುದಕ್ಕೋ, ನನಗೆ ಗೊತ್ತಿಲ್ಲ.

ಹಿಂದಿನ ಸಾಲು ಗುಜುಗುಜು ಎಂದಿತು. ಮಕ್ಕಳು ಕಾಯ್ತಾವೆ, ಬಸ್ಸು ಹೋಗುತ್ತೆ, ಏಳೇ ಎಂದು ಯಾರೋ ಬೈದರು. ಅವರು ಬೈದದ್ದು ತಪ್ಪಲ್ಲ. ಇಬ್ಬರು ಹಾಸಿನ ಅಂಚಿನಲ್ಲೇ ಗಡಿಬಿಡಿಯಿಂದ ಕೊಡವಿ ಹೊರಟುಹೋದರು. ಅಕ್ಕನ ಪಕ್ಕದ ಮೇಜಿನಲ್ಲಿ ಜರಡಿ ಹಿಡಿಯುತ್ತಿದ್ದ ಹೆಂಗಸು ಮುಂದೆ ಬಂದಳು. ದಪ್ಪ ಮೈ, ಮೊಣಕಾಲು ನೋವು. ಉಸ್ಸಪ್ಪಾ ಎಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಎದ್ದೇಳುವಾಗ ನೀನೇ ಎತ್ತಬೇಕು ನೋಡು ಎಂದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಹಾಸಿನಲ್ಲಿ ಜಾಗ ಸಾಲದೆ ನೆಲದ ಮೇಲೂ ಕೂತರು.

ಸಾಹೇಬರು ಬಂದರು. ಮಾಲು ಮೈಮೇಲೆ ಹಾಕಿಕೊಂಡು ಹೊರಗೆ ಹೋದರೆ ಕಳವಿನ ಕೇಸು ಎಂದರು. ನಾನು ಎದ್ದು ನಿಂತೆ.

"ಸರ್, ನಮ್ಮ ಮೈ ಹೊರಗಿರೋದು ನಿಮ್ಮ ಮಾಲು, ಒಪ್ಪಿದೆ. ಮೈ ಒಳಗಿರೋದೂ ನಿಮ್ಮದೇ ಅಂತ ನಿಮ್ಮ ಡಾಕ್ಟರು ಬರ್ಕೊಡ್ಲಿ. ಬರ್ಕೊಟ್ಟ ದಿನ ಕೊಡವ್ತೀವಿ. ಅಲ್ಲಿವರೆಗೆ ಕೂದಲಿನದೂ ಇಲ್ಲ, ಕ್ಯಾನಿನದೂ ಇಲ್ಲ."

ಅವರು ಗಡಿಯಾರ ನೋಡಿದರು. ಗೇಟಿನಾಚೆ ಮುಂದಿನ ಪಾಳಿಯವರು ಬಂದು ನಿಂತಿದ್ದರು, ಕಂಬಿಗಳ ನಡುವೆ ಮುಖವಿಟ್ಟು ಎಲ್ಲ ಕೇಳುತ್ತಿದ್ದರು. ಅವರನ್ನು ಒಳಗೆ ಬಿಡಲು ನಮ್ಮನ್ನು ಹೊರಗೆ ಬಿಡಬೇಕಾಗಿತ್ತು. ಸಾಹೇಬರು ಗೇಟು ತೆಗೆಸಿದರು. ನಾಳೆಯಿಂದ ನೀವು ಯಾರೂ ಬರುವುದು ಬೇಡ ಎಂದರು. ಬಲಗಡೆಯ ವಿಷಯ ಮರೆತುಬಿಡು ಎಂದು ನನ್ನೊಬ್ಬಳಿಗೇ ಕೇಳುವಂತೆ, ಮೆಲ್ಲಗೆ ಹೇಳಿದರು. ಹೇಳಿ ಅಂಗೈಗಳನ್ನು ಒಂದಕ್ಕೊಂದು ತಟ್ಟಿ ಕೊಡವಿಕೊಂಡರು. ಅವರ ಕೈಯಲ್ಲಿ ಪುಡಿ ಇರಲಿಲ್ಲ.

ಬೀದಿಯಲ್ಲಿ ಜನ ನಮ್ಮನ್ನು ತಿರುಗಿ ನೋಡಿದರು. ಕೂದಲು, ಹುಬ್ಬು, ಕಿವಿಯ ಸಂದು ಎಲ್ಲ ಬೂದಿ. ಬಸ್ಸಿನಲ್ಲಿ ಪಕ್ಕದವಳು ಸರಿದು ಕೂತಳು. ಅವಳು ಫೋನಿನ ಗಾಜನ್ನು ಬೆರಳಿನಿಂದ ಉಜ್ಜುತ್ತಿದ್ದಳು. ಅವಳಿಗೆ ಏನು ಹೇಳಬೇಕಿತ್ತೋ ಈಗಲೂ ಹೊಳೆಯುವುದಿಲ್ಲ. ಇಳಿಯುವವರೆಗೂ ಒಂದೇ ಲೆಕ್ಕ ಹಾಕುತ್ತಿದ್ದೆ. ನಾನು ಈಗ ಮಾಡಿದ್ದು ಅಕ್ಕನಿಗಾಗಿಯೋ, ಅಕ್ಕನನ್ನು ಕೊಂದೋ.

ಅಕ್ಕ ನನ್ನನ್ನು ನೋಡಿದ ಕೂಡಲೇ ತಿಳಿದುಕೊಂಡಳು.

"ಕೊಡವಲಿಲ್ವಾ?"

"ಇಲ್ಲ."

ಬಾಗಿಲು ಹಾಕು ಎಂದಳು. ಹಳೆಯ ಬೆಡ್‌ಶೀಟು ಹಾಸಿಸಿ, ಅದರ ಮೇಲೆ ನನ್ನನ್ನು ಕೂರಿಸಿದಳು. ಬಕೆಟ್ಟಿನಲ್ಲಿ ನೀರು, ಒಂದು ಬಟ್ಟೆ. ಒದರಬೇಡ, ಹಾರುತ್ತೆ, ಉಸಿರು ಬಿಗಿಹಿಡಿ ಎಂದಳು. ಒದ್ದೆ ಬಟ್ಟೆಯಿಂದ ನನ್ನ ಹಣೆ ಒರೆಸಿದಳು, ಹುಬ್ಬು ಒರೆಸಿದಳು, ಕಿವಿಯ ಹಿಂದೆ ಒರೆಸಿದಳು. ಕೂದಲನ್ನು ಎಳೆ ಎಳೆಯಾಗಿ ಒರೆಸಿದಳು. ನಡುನಡುವೆ ನಿಂತಳು. ಅವಳು ನಿಂತಾಗ ನಾನು ಅವಳ ಎದೆಯ ಶಬ್ದ ಕೇಳಿದೆ, ಒದ್ದೆ ಮರಳಿನಲ್ಲಿ ಏನನ್ನೋ ಎಳೆದ ಹಾಗೆ. ನಾನೇ ಒರೆಸಿಕೊಳ್ಳುತ್ತೇನೆ ಅಂದರೆ ಬೆನ್ನಿಗೆ ಬಾರಿಸಿದಳು. ಮೊದಲಿನ ಬಲ ಇರಲಿಲ್ಲ.

ಬಟ್ಟೆ ಹಿಂಡಿದ ನೀರನ್ನು ಎಣ್ಣೆಯ ಹಳೆ ಕ್ಯಾನಿಗೆ ಹೊಯ್ಯಿಸಿದಳು. ಮುಚ್ಚಳ ಬಿಗಿ ಮಾಡಿಸಿದಳು.

"ಇದು ನಿಂದು," ಎಂದಳು. "ಒಳಗೆ ಹೋಗೋ ಮುಂಚಿಂದು."

ಮಂಚದ ಕೆಳಗೆ ತನ್ನ ಕ್ಯಾನಿನ ಹತ್ತಿರ ಅದನ್ನು ಇಡಲು ಹೇಳಿದಳು. ನಾನು ಪಕ್ಕಕ್ಕೇ ಒತ್ತಿ ಇಟ್ಟೆ. ಹಾಗಲ್ಲ ಎಂದಳು. ಏದುಸಿರು ಬಿಡುತ್ತ ಬಗ್ಗಿ, ನನ್ನದನ್ನು ತಾನೇ ಆಚೆ ಸರಿಸಿದಳು. ಎರಡರ ನಡುವೆ ಇನ್ನೊಂದು ಕ್ಯಾನು ಹಿಡಿಯುವಷ್ಟು ಜಾಗ ಬಿಟ್ಟಳು.